ತೇರು ಕಲಿಸುವ ಪಾಠ

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಒಂದು ಬಗೆಯ ಪಾರಾಯಣ ಕೇಳಿಬರುತ್ತದೆ. ಮಕ್ಕಳು ನ್ಯೂಟನ್ನನ ಚಲನೆಯ ನಿಯಮಗಳನ್ನು ಒಪ್ಪಿಸುತ್ತಿರುತ್ತಾರೆ. ನಾನೂ ಹಾಗೆ ಒಪ್ಪಿಸಿದವನೇ. ಮೂರು ನಿಯಮಗಳನ್ನೂ ಅಕ್ಷರ ತಪ್ಪದೆ ಬರೆದು, ಮರುಪುಟದ ಸಣ್ಣ ಪ್ರಶ್ನೆಯೊಂದಕ್ಕೆ ಸೋತೆ. ನೇರ ದಾರಿಯಲ್ಲಿ ಸಮವೇಗದಿಂದ ಸಾಗುವ ಗಾಡಿಯ ಮೇಲಿನ ಒಟ್ಟು ಬಲವೆಷ್ಟು? ಗಾಡಿ ಮುಂದೆ ಹೋಗುತ್ತಿದೆ, ಆದುದರಿಂದ ಬಲವೂ ಮುಂದಕ್ಕೇ ಇರಬೇಕೆಂದು ಬರೆದೆ. ಸರಿಯುತ್ತರ ಸೊನ್ನೆ.

ಈ ತಪ್ಪಿಗೆ ಮಕ್ಕಳು ನಾಚಬೇಕಾಗಿಲ್ಲ. ಚಲನೆಗೆ ಬಲ ಬೇಕೇ ಬೇಕೆಂದು ಅರಿಸ್ಟಾಟಲನೂ ನಂಬಿದ್ದ. ಆ ನಂಬಿಕೆಯನ್ನು ಗೆಲಿಲಿಯೋ ಅಲುಗಿಸಿದ. ೧೬೮೭ರಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಅದನ್ನು ಕಳಚಿಹಾಕಿತು. ಬಲ ಬೇಕಾದುದು ಚಲನೆಗಲ್ಲ, ಚಲನೆಯ ಬದಲಾವಣೆಗೆ. ಪುನರಾವರ್ತನೆಯೆಂದರೆ ಈ ಒಂದು ಮಾತನ್ನು ಮನಗಾಣುವುದು.

ಉಡುಪಿಯ ರಥಬೀದಿಯನ್ನು ನೆನೆಯಿರಿ. ಅಷ್ಟೊಂದು ಕೈಗಳು ಹಗ್ಗ ಹಿಡಿದರೂ ತೇರು ಮೊದಲು ಮಿಸುಕದು. ನಿಂತ ತೇರಿನ ಘರ್ಷಣೆಯನ್ನು ಎಳೆತ ಮೀರಬೇಕು. ಮೀರಿದಾಗ ತೇರು ಕದಲುತ್ತದೆ, ವೇಗ ಕೂಡಿಸಿಕೊಳ್ಳುತ್ತದೆ. ಅನಂತರ ನೇರ ಬೀದಿಯಲ್ಲಿ ಒಂದೇ ಗತಿಯಿಂದ ಸಾಗುವಾಗ ಮುಂದಿನ ಎಳೆತವೂ ಹಿಂದಿನ ಘರ್ಷಣೆಯೂ ಸರಿಸಮ. ಭಕ್ತರು ಎಳೆಯುತ್ತಲೇ ಇದ್ದಾರೆ. ಆದರೂ ಒಟ್ಟು ಬಲ ಸೊನ್ನೆ.

ಮಣಿಪಾಲದಿಂದ ಇಳಿದು ಬರುವ ಬಸ್ಸು ಬ್ರೇಕು ಹಾಕಿದಾಗ ನಿಂತವರು ಮುಂದಕ್ಕೆ ವಾಲುತ್ತಾರೆ. ಅವರನ್ನು ಯಾರೂ ದೂಡಿದ್ದಲ್ಲ. ಬಸ್ಸು ತಡೆಯಿತು, ಪಾದಗಳೂ ತಡೆದವು. ಮೈಮಾತ್ರ ತನ್ನ ಹಿಂದಿನ ವೇಗವನ್ನು ಬಿಡಲೊಲ್ಲದು. ಇದೇ ಜಡತ್ವ.

ಕಾಪುವಿನ ಕಡಲದಂಡೆಯಲ್ಲಿ ೧೯೦೧ರಲ್ಲಿ ಕಟ್ಟಿದ, ಸುಮಾರು ೨೭ ಮೀಟರ್ ಎತ್ತರದ ದೀಪಸ್ತಂಭವಿದೆ. ಅಷ್ಟೆತ್ತರದಿಂದ ಕಲ್ಲೊಂದು ಬಿದ್ದರೆಂದು ಊಹಿಸಿ. ಗಾಳಿಯ ತಡೆಯನ್ನು ಮರೆತರೆ ಸುಮಾರು ೨.೩ ಸೆಕೆಂಡಿನಲ್ಲಿ ಅದು ನೆಲ ಮುಟ್ಟುತ್ತದೆ, ಆಗಿನ ವೇಗ ಸೆಕೆಂಡಿಗೆ ಸುಮಾರು ೨೩ ಮೀಟರ್. ಇನ್ನು ಕಲ್ಲನ್ನು ನೇರ ಮೇಲಕ್ಕೆಸೆದರೆ ತುತ್ತತುದಿಯಲ್ಲಿ ವೇಗ ಕ್ಷಣಮಾತ್ರ ಸೊನ್ನೆ. ಬಲವೂ ಸೊನ್ನೆಯೇ? ಅಲ್ಲ. ಭೂಮಿ ಅದನ್ನು ಎಳೆಯುತ್ತಲೇ ಇದೆ. ಇಲ್ಲವಾದರೆ ಕಲ್ಲು ಮರಳಿ ಬಾರದು.

ಆದುದರಿಂದ ಸೂತ್ರಕ್ಕೆ ಕೈಹಾಕುವ ಮೊದಲು ಮಕ್ಕಳು ಒಂದು ಚಿತ್ರ ಬರೆಯಲಿ. ವಸ್ತು ಯಾವುದು? ಅದನ್ನು ಯಾರು ಯಾರು ಎಳೆಯುತ್ತಾರೆ, ದೂಡುತ್ತಾರೆ? ಒಂದೊಂದಕ್ಕೂ ಒಂದೊಂದು ಬಾಣ. ಬಾಣಗಳನ್ನು ದಿಕ್ಕರಿತು ಕೂಡಿಸಿದ ಮೇಲೆ ಉಳಿದುದನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ದೊರೆಯುತ್ತದೆ. ಬಾಣವಿಲ್ಲದ ಸೂತ್ರ ಬರಿಯ ಮಂತ್ರ.

ಕಾರ್ಕಳದ ಬೆಟ್ಟದ ಮೇಲೆ ೧೪೩೨ರಿಂದ ನಿಂತಿರುವ ಸುಮಾರು ೪೨ ಅಡಿಯ ಗೊಮ್ಮಟನನ್ನು ಕಂಡಾಗಲೆಲ್ಲ ನನ್ನ ಆ ಹಳೆಯ ಉತ್ತರಪತ್ರಿಕೆ ನೆನಪಾಗುತ್ತದೆ. ಭೂಮಿ ಅವನನ್ನು ಕೆಳಕ್ಕೆ ಸೆಳೆಯುತ್ತಿದೆ, ಬಂಡೆ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿದೆ. ಅವನ ನಿಶ್ಚಲತೆ ಬಲವಿಲ್ಲದ ಸ್ಥಿತಿಯಲ್ಲ. ಬಲಗಳು ಸರಿದೂಗಿದ ಸ್ಥಿತಿ. ತೇರಿನ ಲೆಕ್ಕವೂ ಅದೇ.