ಕ್ರಿಸ್ತಜಯಂತಿಯ ಕೇಕು: ನಮ್ಮ ಹೊಲದ ಹಿಟ್ಟು, ನಮ್ಮ ಮನೆಯ ಒಲೆ

ಆಗಮನ ಕಾಲದ ಮೊದಲನೆಯ ಮೇಣದಬತ್ತಿಯನ್ನು ಹೊತ್ತಿಸುವ ವೇಳೆಗೆ ಚಾಮರಾಜನಗರ ಹಾಗೂ ಗುಂಡ್ಲುಪೇಟೆಯ ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಪ್ಲಮ್ ಕೇಕುಗಳು ಬಂದು ಕುಳಿತಿರುತ್ತವೆ. ಬಣ್ಣದ ಕಾಗದ, ಬಂಗಾರದ ದಾರ, ಮೇಲೊಂದು ಗಂಟೆಯ ಚಿತ್ರ. ಕ್ರಿಸ್ತಜಯಂತಿಗೆ ಕೇಕು ಬೇಕೇ ಬೇಕು ಎಂಬ ಭಾವನೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಇಂದು ಗೋದಲಿಯಷ್ಟೇ ಗಟ್ಟಿಯಾಗಿ ಬೇರೂರಿದೆ. ಹಬ್ಬದ ಸಂಭ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಕೇಕಿನ ಸುತ್ತ ಎರಡು ನೋವುಗಳು ಬೆಳೆದುಕೊಂಡಿವೆ. ಅವುಗಳನ್ನು ಕುರಿತು ಹಬ್ಬಕ್ಕೆ ಮುಂಚೆಯೇ ಯೋಚಿಸುವುದು ಒಳಿತು.

ಮೊದಲನೆಯದು ಬಡತನದ ನೋವು. ದಿನಗೂಲಿಯಿಂದ ಬದುಕುವ ಮನೆಯಲ್ಲಿ, ಪಕ್ಕದ ಮನೆಗೆ ಹಂಚಲು ಅಂಗಡಿಯ ಕೇಕು ತರಲಾಗಲಿಲ್ಲವೆಂದು ತಾಯಿಯೊಬ್ಬಳು ತಲೆ ತಗ್ಗಿಸುವಂತಾದರೆ, ಅಥವಾ ಅದಕ್ಕಾಗಿ ಸಾಲ ಮಾಡಿದರೆ, ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬವನ್ನು ನಾವು ಹೇಗೆ ಆಚರಿಸಿದಂತಾಯಿತು? ಎರಡನೆಯದು ಪರಕೀಯತೆಯ ನೋವು. "ನಿಮ್ಮ ಹಬ್ಬದ ತಿಂಡಿಯೂ ಇಂಗ್ಲಿಷರದೇ" ಎಂದು ನೆರೆಯವರು ತಮಾಷೆಗೆ ಹೇಳಿದರೂ ಆ ಮಾತು ಮುಳ್ಳಿನಂತೆ ಚುಚ್ಚುತ್ತದೆ. ಇವೆರಡಕ್ಕೂ ಉತ್ತರವಿದೆ. ಆ ಉತ್ತರ, ವಿಚಿತ್ರವೆನಿಸಿದರೂ, ಇಂಗ್ಲಿಷರ ಹಳ್ಳಿಗಳ ಹಳೆಯ ಅಡುಗೆಮನೆಗಳಲ್ಲಿಯೇ ಸಿಗುತ್ತದೆ.

ಹಿಟ್ಟಿನಲ್ಲಿ ಬರೆದ ಪಂಚಾಂಗ

ಮಧ್ಯಯುಗದ ಇಂಗ್ಲೆಂಡು ಕಥೋಲಿಕ ನಾಡಾಗಿತ್ತು. ಧರ್ಮಸಭೆಯ ವರ್ಷಚಕ್ರವೇ ಅಲ್ಲಿನ ಒಲೆಯ ವರ್ಷಚಕ್ರವೂ ಆಗಿತ್ತು. ಉಪವಾಸ ಯಾವಾಗ, ಊಟ ಯಾವಾಗ ಎಂಬುದನ್ನು ನಿರ್ಧರಿಸುತ್ತಿದ್ದುದು ಪೂಜಾವಿಧಿಯ ಪಂಚಾಂಗ. ಅಲ್ಲಿ ಹುಟ್ಟಿದ ಅನೇಕ ತಿನಿಸುಗಳ ಹಿಂದೆ ಒಂದೊಂದು ಹಬ್ಬವೋ ವ್ರತವೋ ಇದೆ.

ನವೆಂಬರ್ ೨, ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಆ ಸುಮಾರಿಗೆ ಚೆಷೈರ್, ಶ್ರಾಪ್‌ಷೈರ್ ಮೊದಲಾದ ಸೀಮೆಗಳಲ್ಲಿ ಬಡವರೂ ಮಕ್ಕಳೂ ಮನೆಮನೆಗೆ ಹೋಗುತ್ತಿದ್ದರು. ಮನೆಯವರು ಅವರಿಗೆ 'ಆತ್ಮದ ಕೇಕು' ಎಂಬ ಪುಟ್ಟ ದುಂಡು ಬಿಲ್ಲೆಗಳನ್ನು ಕೊಡುತ್ತಿದ್ದರು. ಪಡೆದವರು ಆ ಮನೆಯ ಮೃತರಿಗಾಗಿ ಪ್ರಾರ್ಥಿಸುತ್ತಿದ್ದರು. ತಪಸ್ಸುಕಾಲದ ನಾಲ್ಕನೆಯ ಭಾನುವಾರ, ಅಂದರೆ ಗುರುಗಳು ರೋಜಾ ವರ್ಣದ ಪೂಜಾವಸ್ತ್ರ ಧರಿಸಬಹುದಾದ ಆ ಹರ್ಷದ ಭಾನುವಾರ, ಅಲ್ಲಿ 'ತಾಯಂದಿರ ಭಾನುವಾರ'ವೂ ಹೌದು. ದೂರದ ಮನೆಗಳಲ್ಲಿ ಚಾಕರಿಗಿದ್ದ ಹೆಣ್ಣುಮಕ್ಕಳಿಗೆ ಅಂದು ತವರಿಗೆ ಹೋಗಲು ರಜೆ ಸಿಗುತ್ತಿತ್ತು. ಆ ದಿನದೊಂದಿಗೆ ಬೆಸೆದುಕೊಂಡ 'ಸಿಮ್ನೆಲ್' ಕೇಕು ಕಾಲಕ್ರಮದಲ್ಲಿ ಪಾಸ್ಖ ಹಬ್ಬಕ್ಕೂ ಸಂದಿತು. ಅದರ ಮೇಲೆ ಬಾದಾಮಿ ಹಿಟ್ಟಿನ ೧೧ ಉಂಡೆಗಳನ್ನಿಡುವುದು ರೂಢಿ. ಅವು ಪ್ರೇಷಿತರ ಗುರುತು, ಜೂದಾಸನಿಗೆ ಸ್ಥಾನವಿಲ್ಲ. ಶುಭಶುಕ್ರವಾರದ ಶಿಲುಬೆ ಗುರುತಿನ ಬನ್ನಂತೂ ನಮ್ಮ ಊರುಗಳ ಬೇಕರಿಗಳಿಗೂ ಬಂದಿದೆ.

ಕ್ರಿಸ್ಮಸ್ ಪುಡ್ಡಿಂಗಿನ ಕಥೆ ಇನ್ನೂ ಸ್ವಾರಸ್ಯಕರ. ಆಗಮನ ಕಾಲಕ್ಕೆ ಹಿಂದಿನ ಭಾನುವಾರದ ಪ್ರಾರ್ಥನೆ ಹಳೆಯ ಲತೀನ್ ಪೂಜಾಗ್ರಂಥದಲ್ಲಿ 'ಎಕ್ಸಿತಾ' ಎಂಬ ಪದದಿಂದ ಆರಂಭವಾಗುತ್ತಿತ್ತು. ವಿಶ್ವಾಸಿಗಳ ಮನಸ್ಸನ್ನು ಬಡಿದೆಬ್ಬಿಸು ಎಂದು ದೇವರಲ್ಲಿ ಬೇಡುವ ಪ್ರಾರ್ಥನೆ ಅದು. ಆಂಗ್ಲಿಕನ್ ಸಭೆ ೧೫೪೯ರ ತನ್ನ ಪ್ರಾರ್ಥನಾಗ್ರಂಥದಲ್ಲಿ ಅದನ್ನು ಇಂಗ್ಲಿಷಿನಲ್ಲಿ ಉಳಿಸಿಕೊಂಡಿತು. ಇಂಗ್ಲಿಷಿನಲ್ಲಿ ಬಡಿದೆಬ್ಬಿಸುವುದಕ್ಕೂ ಪಾತ್ರೆಯಲ್ಲಿ ಕಲಕುವುದಕ್ಕೂ ಒಂದೇ ಮಾತು. ಆದ್ದರಿಂದ ದೇವಾಲಯದಲ್ಲಿ ಆ ಪ್ರಾರ್ಥನೆ ಕೇಳಿದೊಡನೆ ಗೃಹಿಣಿಯರಿಗೆ ಹಿಟ್ಟು ಕಲಕುವ ಕಾಲ ಬಂತೆಂದು ನೆನಪಾಗುತ್ತಿತ್ತು! ಆ ದಿನಕ್ಕೆ 'ಕಲಕುವ ಭಾನುವಾರ' ಎಂದೇ ಹೆಸರು ಬಿದ್ದಿತು. ಮನೆಯ ಪ್ರತಿಯೊಬ್ಬರೂ, ತೊದಲು ಮಾತಿನ ಮಗುವೂ ಸೇರಿದಂತೆ, ಸೌಟು ಹಿಡಿದು ಒಂದು ಸುತ್ತು ಕಲಕಬೇಕು. ಅದೂ ಪೂರ್ವದಿಂದ ಪಶ್ಚಿಮಕ್ಕೆ. ಏಕೆಂದರೆ ಮೂವರು ಜ್ಞಾನಿಗಳು ಬಂದದ್ದು ಪೂರ್ವದಿಂದ. ಯೇಸುಸ್ವಾಮಿಯನ್ನೂ ಹನ್ನೆರಡು ಪ್ರೇಷಿತರನ್ನೂ ನೆನೆದು ೧೩ ಪದಾರ್ಥಗಳನ್ನು ಸೇರಿಸುವ ಪದ್ಧತಿಯೂ ಇತ್ತು.

ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣೇ ಇಲ್ಲವಲ್ಲ ಎಂದು ಮಕ್ಕಳು ಕೇಳುವುದುಂಟು. ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಆ ಹೆಸರೇ ಇತ್ತು. ಇಂದಿನ ಕ್ರಿಸ್ಮಸ್ ಕೇಕು ಬಹುಮಟ್ಟಿಗೆ ಜನವರಿ ೬ರ ಪ್ರಭುಪ್ರಕಾಶದ ಹಬ್ಬಕ್ಕೆ ಮಾಡುತ್ತಿದ್ದ ಹಣ್ಣಿನ ಕೇಕಿನ ಸಂತತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹಬ್ಬದ ಸಡಗರ ಅಲ್ಲಿ ಕುಗ್ಗಿದಾಗ ಕೇಕು ಡಿಸೆಂಬರ್ ೨೫ಕ್ಕೆ ಸರಿಯಿತು.

ಇಷ್ಟಾದರೂ ಕೇಕು ವಿಶ್ವಾಸದ ಒಂದು ಅಂಶವಲ್ಲವೆಂಬುದನ್ನು ಇತಿಹಾಸವೇ ತೋರಿಸಿದೆ. ೧೬೪೭ರಲ್ಲಿ ಪ್ಯೂರಿಟನ್ನರ ಪಾರ್ಲಿಮೆಂಟು ಕ್ರಿಸ್ಮಸ್ ಆಚರಣೆಯನ್ನೇ ರದ್ದುಗೊಳಿಸಿತು. ೧೬೬೦ರಲ್ಲಿ ರಾಜಸತ್ತೆ ಮರಳಿದ ಮೇಲೆ ಹಬ್ಬವೂ ಮರಳಿತು. ತಿನಿಸನ್ನು ನಿಷೇಧಿಸಬಹುದು, ಮತ್ತೆ ಬೇಯಿಸಬಹುದು. ರಕ್ಷಕನ ಜನನ ಮಾತ್ರ ಯಾವ ಕಾಯಿದೆಗೂ ಒಳಪಡುವುದಿಲ್ಲ.

ಮಣ್ಣು ಕೊಟ್ಟದ್ದೇ ಕೇಕು

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬ್ರಿಟನ್ನಿಗೆಲ್ಲ ಒಂದೇ ಕೇಕು ಎಂಬುದಿರಲಿಲ್ಲ. ಯಾರ್ಕ್‌ಷೈರಿನಂಥ ಚಳಿಯ ಉತ್ತರ ಸೀಮೆಯಲ್ಲಿ ಗೋಧಿಗಿಂತ ಓಟ್ಸ್ ಚೆನ್ನಾಗಿ ಬೆಳೆಯುತ್ತಿತ್ತು. ಆದ್ದರಿಂದ ಅಲ್ಲಿನವರು ಓಟ್ಸ್ ಹಿಟ್ಟು, ಕಪ್ಪು ಕಾಕಂಬಿ ಮತ್ತು ಶುಂಠಿಯಿಂದ 'ಪಾರ್ಕಿನ್' ಎಂಬ ಕೇಕು ಮಾಡಿದರು. ವೇಲ್ಸಿನ ಬಡ ಮನೆಗಳಲ್ಲಿ ಒಲೆಯ ಮೇಲಿಟ್ಟ ಕಲ್ಲಿನ ಅಥವಾ ಕಬ್ಬಿಣದ ಕಾವಲಿಯ ಮೇಲೆಯೇ ಸಣ್ಣ ಕೇಕುಗಳನ್ನು ಸುಟ್ಟರು. ಅವುಗಳಿಗೆ ಓವನ್ನು ಬೇಡ. ಅದೇ ವೇಲ್ಸಿನಲ್ಲಿ 'ಬಾರಾ ಬ್ರಿತ್' ಎಂಬ ರೊಟ್ಟಿಗೆ ಒಣಹಣ್ಣುಗಳನ್ನು ಚಹಾ ಕಷಾಯದಲ್ಲಿ ನೆನೆಸುತ್ತಾರೆ. ಸ್ಟಾಫರ್ಡ್‌ಷೈರಿನವರು ಓಟ್ಸ್ ಹಿಟ್ಟನ್ನು ಹುದುಗಿಸಿ ಹೆಂಚಿನ ಮೇಲೆ ತೆಳ್ಳಗೆ ಹುಯ್ಯುವುದನ್ನು ನೋಡಿದರೆ ನಮಗೆ ದೋಸೆಯ ನೆನಪಾಗುತ್ತದೆ. ಶ್ರೀಮಂತರ ಕೇಕಿಗೆ ಬೇಕಾದ ಸಕ್ಕರೆ, ಜಾಯಿಕಾಯಿ, ಲವಂಗ, ಶುಂಠಿ ಇವೆಲ್ಲ ಪರದೇಶಗಳಿಂದಲೇ ಹಡಗೇರಿ ಹೋದವು. ಅಪ್ಪಟ ಇಂಗ್ಲಿಷ್ ಎನ್ನುವ ಕೇಕಿನ ಪರಿಮಳ ಪೂರ್ವದೇಶಗಳದು!

ಈ ಕೇಕು ನಮ್ಮ ಕಡೆಗೆ ಬಂದ ದಾರಿಗಳೂ ಹತ್ತಿರದವೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಿಸ್ ಮನೆತನದವರು ಕಾಫಿ ತೋಟಗಳನ್ನು ಎಬ್ಬಿಸಿದರು. ಗುಂಡ್ಲುಪೇಟೆಯಲ್ಲಿ ಕವಲೊಡೆಯುವ ಹೆದ್ದಾರಿಗಳಲ್ಲಿ ಒಂದು ಬಂಡೀಪುರದ ಕಾಡು ದಾಟಿ ಊಟಿಗೆ ಏರುತ್ತದೆ. ೧೮೨೦ರ ದಶಕದಿಂದ ಇಂಗ್ಲಿಷರು ನೆಲೆಸಿದ ಆ ಗಿರಿಧಾಮದಲ್ಲಿ ಬೇಕರಿ ವಿದ್ಯೆ ಇಂದಿಗೂ ಜೀವಂತ. ಮತ್ತೊಂದು ಹೆದ್ದಾರಿ ಸುಲ್ತಾನ್ ಬತ್ತೇರಿಯ ಕಡೆಗೆ ಹೊರಟು ವಯನಾಡಿಗೆ ಇಳಿಯುತ್ತದೆ. ಅದರಾಚೆಯ ತಲಶ್ಶೇರಿಯಲ್ಲಿ ೧೮೮೩ರಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿ ಯಜಮಾನರು, ಬ್ರೌನ್ ಎಂಬ ಇಂಗ್ಲಿಷ್ ತೋಟಗಾರ ತೋರಿಸಿದ ಮಾದರಿಯಂತೆ ಕ್ರಿಸ್ಮಸ್ ಕೇಕು ಮಾಡಿಕೊಟ್ಟರೆಂದು ಅವರ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ತೋಟಗಾರ ಸೂಚಿಸಿದ್ದು ಫ್ರೆಂಚ್ ಬ್ರಾಂದಿ. ಬಾಪು ಅವರು ಬಳಸಿದ್ದು ಗೋಡಂಬಿ ಹಣ್ಣು ಮತ್ತು ಬಾಳೆಹಣ್ಣಿನಿಂದ ತಯಾರಾದ ಊರಿನ ಮದ್ಯ. ಕೇಕು ಭಾರತದ ನೆಲ ಮುಟ್ಟಿದಾಗ ನೆಲದ ಗುಣವನ್ನೂ ಹಿಡಿಯಿತು.

ಉದ್ದೇಶವೇ ಮೊದಲು

ಒಂದು ವಸ್ತುವನ್ನು ಅರಿಯಲು ನಾಲ್ಕು ಕಾರಣಗಳನ್ನು ಅರಿಯಬೇಕೆಂದು ಅರಿಸ್ಟಾಟಲನು ಹೇಳಿದನು; ಸಂತ ಅಕ್ವಿನಾಸಿನ ತೋಮಾಸರು ಅದನ್ನು ಒಪ್ಪಿ ಬೆಳೆಸಿದರು. ಯಾವುದರಿಂದ ಆಯಿತು, ಯಾವ ರೂಪ ತಾಳಿತು, ಯಾರು ಮಾಡಿದರು, ಯಾತಕ್ಕಾಗಿ ಮಾಡಿದರು. ಇವುಗಳಲ್ಲಿ ಕೊನೆಯದಾದ ಉದ್ದೇಶವೇ ಉಳಿದವನ್ನೆಲ್ಲ ನಡೆಸುವ ಕಾರಣವೆಂದು ತೋಮಾಸರ ಮತ. ಕೇಕನ್ನೂ ಹೀಗೆ ನೋಡಬಹುದು. ನಾವು ಬ್ರಿಟನ್ನಿನಿಂದ ಅದರ ರೂಪವನ್ನು ಮಾತ್ರ ಎರವಲು ತಂದು, ಮೂಲದ್ರವ್ಯವನ್ನು ಅಂಗಡಿಗೂ, ಮಾಡುವ ಕೈಯನ್ನು ಬೇಕರಿಗೂ ಬಿಟ್ಟುಕೊಟ್ಟೆವು. ಉದ್ದೇಶವಂತೂ ಮರೆತೇಹೋಯಿತು. ಆ ಹಳ್ಳಿಗರಿಂದ ಕಲಿಯಬೇಕಾದದ್ದು ಬೇರೆ: ತಮ್ಮ ಹೊಲದ ಧಾನ್ಯವನ್ನು ತಮ್ಮ ಒಲೆಯಲ್ಲಿ ಬೇಯಿಸಿ, ಪೂಜಾವಿಧಿಯ ಕಾಲಕ್ಕೆ ಜೋಡಿಸಿ, ಬಡವರ ಕೈಗಿಡುವುದು. ಹಾಗೆ ನೋಡಿದರೆ ಅಕ್ಕಿ ಹಿಟ್ಟು, ಬೆಲ್ಲದ ನಮ್ಮ ಕಜ್ಜಾಯ, ಕೊಬ್ಬರಿ ತುಂಬಿದ ಕರ್ಜಿಕಾಯಿ ಕೂಡ ಹಬ್ಬದ ಕೇಕುಗಳೇ. ಅವುಗಳಿಗೆ ನಾಚಬೇಕಾಗಿಲ್ಲ. ಕೇಕು ಬೇಕೆನ್ನುವ ಮಕ್ಕಳಿಗೂ ನಮ್ಮ ಸೀಮೆಯ ಕೇಕನ್ನೇ ಕೊಡಬಹುದು. ಯಾರ್ಕ್‌ಷೈರಿಗೆ ಓಟ್ಸ್ ಹೇಗೋ ನಮಗೆ ರಾಗಿ ಹಾಗೆ. ಅವರ ಕಾಕಂಬಿಗೆ ಸಮನಾಗಿ ನಮ್ಮಲ್ಲಿ ಬೆಲ್ಲವಿದೆ.

ರಾಗಿ–ಬೆಲ್ಲದ ಕೇಕು

ಪಾರ್ಕಿನ್ ಮಾದರಿಯ ಈ ಕೇಕಿಗೆ ಬೇಕಾಗುವ ಸಾಮಗ್ರಿ: ರಾಗಿ ಹಿಟ್ಟು ೧೦೦ ಗ್ರಾಂ, ಗೋಧಿ ಹಿಟ್ಟು ೧೦೦ ಗ್ರಾಂ, ಪುಡಿ ಮಾಡಿದ ಬೆಲ್ಲ ೧೫೦ ಗ್ರಾಂ, ಬೆಣ್ಣೆ ೮೦ ಗ್ರಾಂ, ಹಾಲು ೧೫೦ ಮಿಲಿಲೀಟರ್, ಮೊಟ್ಟೆ ಒಂದು, ಗಟ್ಟಿ ಮೊಸರು ಎರಡು ದೊಡ್ಡ ಚಮಚ, ಒಣಶುಂಠಿ ಪುಡಿ ಎರಡು ಸಣ್ಣ ಚಮಚ, ಅಡುಗೆ ಸೋಡ ಮುಕ್ಕಾಲು ಸಣ್ಣ ಚಮಚ, ಚಿಟಿಕೆ ಉಪ್ಪು, ತುಸು ಏಲಕ್ಕಿ ಅಥವಾ ಜಾಯಿಕಾಯಿ. ರಾಗಿಗೆ ಗೋಧಿಯ ಜಿಗುಟಿಲ್ಲವಾದ್ದರಿಂದ ರಾಗಿಯೊಂದನ್ನೇ ಹಾಕಿದರೆ ಕೇಕು ಒಡೆದು ಪುಡಿಯಾಗುತ್ತದೆ. ಸಮಪಾಲು ಗೋಧಿ ಬೇಕು.

ಬೆಲ್ಲ, ಬೆಣ್ಣೆ, ಹಾಲುಗಳನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಬೆಲ್ಲ ಕರಗಿದೊಡನೆ ಇಳಿಸಬೇಕು. ಕುದಿಸಿದರೆ ಹಾಲು ಒಡೆಯಬಹುದು. ಸೋಸಿ, ಪೂರ್ತಿ ಆರಿದ ಮೇಲೆ ಮೊಟ್ಟೆ ಮತ್ತು ಮೊಸರನ್ನು ಬೆರೆಸಬೇಕು. ಜರಡಿ ಹಿಡಿದ ಹಿಟ್ಟು, ಸೋಡ, ಉಪ್ಪು, ಸಂಬಾರಗಳನ್ನು ಇದಕ್ಕೆ ಸೇರಿಸಿ ಗಂಟಿಲ್ಲದಂತೆ ಕಲಸಿ, ತುಪ್ಪ ಸವರಿದ ಸುಮಾರು ೧೬ ಸೆಂಟಿಮೀಟರ್ ಅಗಲದ ಪಾತ್ರೆಗೆ ಸುರಿಯಬೇಕು. ಮೊಸರಿನ ಹುಳಿಯೂ ಸೋಡವೂ ಕೂಡಿದಾಗ ಏಳುವ ಗಾಳಿಯೇ ಕೇಕನ್ನು ಉಬ್ಬಿಸುವುದರಿಂದ, ಕಲಸಿದ ಮೇಲೆ ತಡಮಾಡಬಾರದು.

ಓವನ್ನಿಲ್ಲದವರು ಪ್ರೆಷರ್ ಕುಕ್ಕರಿನ ತಳದಲ್ಲಿ ಒಂದು ಅಂಗುಲ ಕಲ್ಲುಪ್ಪು ಹರಡಿ, ಅದರ ಮೇಲೆ ಒಂದು ಸಿಂಬಿಯಾಕಾರದ ಕಬ್ಬಿಣದ ಬಳೆಯಿಟ್ಟು, ರಬ್ಬರ್ ಪಟ್ಟಿ ಮತ್ತು ಸೀಟಿ ಎರಡನ್ನೂ ತೆಗೆದು ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ನೀರು ಹಾಕಕೂಡದು. ಬಳಿಕ ಕೇಕಿನ ಪಾತ್ರೆಯನ್ನು ಇಳಿಸಿ ಸಣ್ಣ ಉರಿಯಲ್ಲಿ ೪೫ರಿಂದ ೫೦ ನಿಮಿಷ ಬೇಯಿಸಿ, ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಇಳಿಸಬಹುದು. ತಣ್ಣಗಾದ ಮೇಲೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಎರಡು ದಿನ ಮುಟ್ಟಬಾರದು. ಬೆಲ್ಲ ತೇವವನ್ನು ಹಿಡಿದಿಡುವುದರಿಂದ ಅಷ್ಟರಲ್ಲಿ ಕೇಕು ಮೆತ್ತಗಾಗಿ ಶುಂಠಿಯ ರುಚಿ ಒಳಗಿಳಿಯುತ್ತದೆ. ಆಗಮನ ಕಾಲವೇ ಕಾಯುವ ಕಾಲವಲ್ಲವೇ?

ದ್ರಾಕ್ಷಿ ಬೇಕೆನ್ನುವವರು ಹಿಂದಿನ ರಾತ್ರಿ ಹಿಡಿಯಷ್ಟನ್ನು ಗಟ್ಟಿ ಚಹಾದಲ್ಲಿ ನೆನೆಸಿ, ಬೆಳಿಗ್ಗೆ ಬಸಿದು ಹಾಕಬಹುದು. ರಮ್ಮು ಬೇಡ. ವಿಲಾಯಿತಿಯ ಮನೆಗಳಲ್ಲಿ ಮದ್ಯವು ಹಣ್ಣು ಕೆಡದಂತೆ ಕಾಯುವ ಉಪಾಯವೂ ಆಗಿತ್ತು. ನಮ್ಮ ಧರ್ಮಕೇಂದ್ರಗಳಲ್ಲಿ ಕುಡಿತದಿಂದ ಒಡೆದ ಮನೆಗಳೆಷ್ಟು ಎಂಬುದು ಪ್ರತಿಯೊಬ್ಬ ಗುರುವಿಗೂ ಗೊತ್ತು. ಬಿಡಲು ಹೆಣಗುತ್ತಿರುವ ತಂದೆಯ ಮುಂದೆ ಹಬ್ಬದ ಹೆಸರಿನಲ್ಲಿ ಸೀಸೆ ತೆರೆಯುವುದು ಪ್ರೀತಿಯ ಕಾರ್ಯವಲ್ಲ.

ಸೌಟು ಎಲ್ಲರ ಕೈಗೆ

ಇಲ್ಲೊಂದು ಮಾತನ್ನು ಪುರುಷರಿಗೂ ಹೇಳಬೇಕಾಗಿದೆ. ಮನೆಯಲ್ಲಿ ಮಾಡಿ ಎಂದು ಬೋಧಿಸಿ ಎಲ್ಲ ದುಡಿಮೆಯನ್ನೂ ಗೃಹಿಣಿಯ ಹೆಗಲಿಗೇರಿಸಿದರೆ ಅದು ಅನ್ಯಾಯ. ಹೊಲದಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು ಬಂದ ಹೆಂಗಸು ಕಜ್ಜಾಯದ ಎಣ್ಣೆಯ ಮುಂದೆ ಮಧ್ಯರಾತ್ರಿಯವರೆಗೆ ಕುಳಿತು, ಬಲಿಪೂಜೆಯಲ್ಲಿ ತೂಕಡಿಸುವುದು ನಮಗೆ ಹೊಸದಲ್ಲ. ಅವಳು ಅಂಗಡಿಯ ಕೇಕನ್ನು ಬಯಸಿದ್ದರೆ ಅದಕ್ಕೆ ಕಾರಣ ಆಡಂಬರವಲ್ಲ, ದಣಿವು. 'ಕಲಕುವ ಭಾನುವಾರ'ದ ತಿರುಳು ಇರುವುದು ಇಲ್ಲಿ: ಮನೆಯವರೆಲ್ಲರೂ ಸೌಟು ಹಿಡಿಯಬೇಕು. ಗಂಡ ಬೆಲ್ಲ ಕುಟ್ಟಲಿ, ಮಗ ಹಿಟ್ಟು ಜರಡಿ ಹಿಡಿಯಲಿ, ಅಜ್ಜಿ ಹದ ನೋಡಲಿ, ಸೊಸೆ ಒಂದು ಗಳಿಗೆ ಕುಳಿತುಕೊಳ್ಳಲಿ. ಜಪಸರದ ಒಂದು ರಹಸ್ಯವನ್ನು ಆ ಹೊತ್ತಿನಲ್ಲಿ ಎಲ್ಲರೂ ಕೂಡಿ ಹೇಳಿದರೆ ಅಡುಗೆಮನೆಯೇ ಪ್ರಾರ್ಥನಾಲಯವಾಗುತ್ತದೆ.

ಚಾಮರಾಜನಗರ ಸೀಮೆಯಲ್ಲಿ ಕನ್ನಡ ನುಡಿಯುವ ಕಥೋಲಿಕರಿದ್ದಾರೆ. ಮಾರ್ಟಳ್ಳಿಯ ಕಡೆ ತಮಿಳು ಮಾತಿನ ಮನೆಗಳಿವೆ. ಗುಂಡ್ಲುಪೇಟೆಯ ಗಡಿಯಲ್ಲಿ ಮಲಯಾಳಿಗಳು ಸಿಗುತ್ತಾರೆ. ಒಬ್ಬೊಬ್ಬರ ಹಬ್ಬದ ತಟ್ಟೆಯೂ ಬೇರೆ. ಎಲ್ಲವನ್ನೂ ಒಂದೇ ಅಚ್ಚಿನ ಕೇಕಿನೊಳಗೆ ಅಡಗಿಸುವ ಅಗತ್ಯವಿಲ್ಲ. ಆಯಾ ಜನಾಂಗದ ಒಳ್ಳೆಯ ಸಂಪ್ರದಾಯಗಳನ್ನು ಗೌರವಿಸಿ ಸ್ವೀಕರಿಸುವ ದಾರಿಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರ ಪೂಜಾವಿಧಿಯ ಸಂವಿಧಾನದಲ್ಲಿಯೇ ತೆರೆಯಿತು. ಪೀಠದ ಬಳಿ ಒಪ್ಪಿಕೊಂಡದ್ದನ್ನು ಒಲೆಯ ಬಳಿ ಒಪ್ಪಿಕೊಳ್ಳುವುದು ಕಷ್ಟವೇ?

ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ ರೊಟ್ಟಿಯ ಮನೆ ಎಂದರ್ಥ. ಅಲ್ಲಿ ಹುಟ್ಟಿದ ಕಂದನನ್ನು ತಾಯಿ ಮರಿಯಮ್ಮನವರು ಮಲಗಿಸಿದ್ದು ಗೋದಲಿಯಲ್ಲಿ, ಎಂದರೆ ದನಕರುಗಳು ಮೇವು ತಿನ್ನುವ ತೊಟ್ಟಿಯಲ್ಲಿ. ಆಹಾರವಾಗಲೆಂದೇ ಬಂದವನು ಆಹಾರದ ಸ್ಥಳದಲ್ಲಿಯೇ ಮಲಗಿದನು. ಈ ಸಲ ಪ್ರತಿಯೊಂದು ಕುಟುಂಬವೂ ತಾನು ಮಾಡಿದ್ದರಲ್ಲಿ ಒಂದು ಪಾಲನ್ನು, ಅದು ಕೇಕಾಗಲಿ ಕಜ್ಜಾಯವಾಗಲಿ, ಹಬ್ಬ ಮಾಡಲಾಗದ ಒಂದು ಮನೆಗೆ, ಮರಳಿ ಪಡೆಯುವ ಲೆಕ್ಕವಿಲ್ಲದೆ ಮುಟ್ಟಿಸಲಿ. ಆ ಮನೆ ನಮ್ಮ ಮತದವರದೇ ಆಗಿರಬೇಕೆಂದಿಲ್ಲ. ಓದುಗರೆಲ್ಲರಿಗೂ ಬಾಲಯೇಸುವಿನ ಶಾಂತಿ ದೊರೆಯಲಿ.