‘ಡೆತ್ ನೋಟ್’: ಎಲ್ ಸತ್ತ ಮೇಲೆ

ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ತ್ಸುಗುಮಿ ಓಬ ಬರೆದು ತಕೇಶಿ ಒಬಾಟ ಚಿತ್ರಿಸಿದ ‘ಡೆತ್ ನೋಟ್’ 2003ರಿಂದ 2006ರವರೆಗೆ ವಾರಪತ್ರಿಕೆಯೊಂದರಲ್ಲಿ 108 ಅಧ್ಯಾಯಗಳಾಗಿ ಹೊರಬಂದಿತು. ಹೆಸರು ಬರೆದರೆ ಆ ಹೆಸರಿನವನು ಸಾಯುವಂಥ ಪುಸ್ತಕವೊಂದು ಲೈಟ್ ಎಂಬ ವಿದ್ಯಾರ್ಥಿಯ ಕೈಸೇರುತ್ತದೆ. ಅವನನ್ನು ಹಿಡಿಯಲು ಹೊರಟವನು ಎಲ್ ಎಂಬ ಪತ್ತೇದಾರ.

ಎಲ್ ಮನಸ್ಸಿನಲ್ಲಿ ನಿಲ್ಲುವುದಕ್ಕೆ ಕಾರಣವುಂಟು. ಕುರ್ಚಿಯ ಮೇಲೆ ಮುದುರಿ ಕುಳಿತು ಸಿಹಿ ತಿನ್ನಲು, ಲೈಟನೊಡನೆ ಟೆನಿಸ್ ಆಡಲು, ಒಂದೇ ಬೇಡಿಯಲ್ಲಿ ಅವನ ಜೊತೆ ದಿನಗಳೆಯಲು ಲೇಖಕರು ಅವನಿಗೆ ಬಿಡುವು ಕೊಟ್ಟಿದ್ದಾರೆ. 58ನೆಯ ಅಧ್ಯಾಯದಲ್ಲಿ ಅವನು ಸತ್ತ ಮೇಲೆ ಕಥೆ ಕೆಲವು ವರ್ಷ ಹಾರಿ, ನಿಯರ್, ಮೆಲ್ಲೊ ಎಂಬಿಬ್ಬರನ್ನು ಮುಂದೆ ತರುತ್ತದೆ. ಆಮೇಲೆ ಒಳಸಂಚಿನ ಮೇಲೆ ಒಳಸಂಚು, ಪುಟತುಂಬ ಮಾತು! ನಿಯರನ ಆಟಿಕೆಗಳನ್ನು ಕಾಣುತ್ತೇವೆ. ಅವನ ಮನಸ್ಸಿನ ಸುಳಿವು ಹತ್ತುವುದಿಲ್ಲ. ಓಟ ಹೆಚ್ಚಿದ್ದರಿಂದಲೇ ಪಾತ್ರ ಬಡವಾಯಿತೆಂದು ನನ್ನ ಮತ. ಕಡೆಗೆ ಅವನು ಗೆದ್ದಾಗಲೂ ವಾಚಕರ ಕಣ್ಣು ಸೋತ ಲೈಟನ ಮೇಲೆಯೇ ಇರುತ್ತದೆ.