ವಿಮಾನದ ಫೋಟೋ ಮಸುಕಾಗ್ತಿದೆಯಾ? ಲೆನ್ಸ್ ಕೊಳ್ಳೋ ಮೊದಲು ಇದನ್ನ ಕೇಳಿ

ಈ ವಾರದ ಸಂಚಿಕೆ ಒಬ್ಬ ಕೇಳುಗರ ಪ್ರಶ್ನೆಯಿಂದ ಶುರು. "ಏರೋ ಇಂಡಿಯಾದಲ್ಲಿ ಇನ್ನೂರು ಫೋಟೋ ತೆಗೆದೆ. ಒಂದೂ ಶಾರ್ಪ್ ಆಗಿ ಬಂದಿಲ್ಲ. ಇಎಂಐ ಮೇಲೆ ಕ್ಯಾಮೆರಾ, ದೊಡ್ಡ ಲೆನ್ಸ್ ತಗೊಳ್ಳಲಾ?" ಅಂತ ಕೇಳಿದ್ದಾರೆ.

ಬೇಜಾರು ಅರ್ಥ ಆಗತ್ತೆ. ಯಲಹಂಕದ ಆ ಶೋ ಬರೋದೇ ಎರಡು ವರ್ಷಕ್ಕೊಮ್ಮೆ. ಒಂದು ಜೆಟ್ ಕಣ್ಮುಂದೆ ಹಾದುಹೋಗೋದು ಕೆಲವೇ ಸೆಕೆಂಡ್. ಆದರೂ ನನ್ನ ಉತ್ತರ: ಈಗಲೇ ಬೇಡ. ಫೋಟೋ ಮಸುಕಾಗೋಕೆ ಮುಖ್ಯವಾಗಿ ನಾಲ್ಕು ಕಾರಣ. ವಿಮಾನದ ವೇಗ, ನಿಮ್ಮ ಕೈ, ಮಧ್ಯದಲ್ಲಿರೋ ಗಾಳಿ, ತಪ್ಪಿದ ಫೋಕಸ್. ದುಬಾರಿ ಲೆನ್ಸ್ ಒಂದೇ ಇವನ್ನೆಲ್ಲ ಸರಿ ಮಾಡಲ್ಲ. ಯಾವುದು ನಿಮ್ಮ ಸಮಸ್ಯೆ ಅಂತ ಮೊದಲು ಗೊತ್ತಾಗಬೇಕು.

ಮೊದಲು ವೇಗದ ಲೆಕ್ಕ

ಬಿಕಾಂ ಓದಿದವನಿಗೆ ಲೆಕ್ಕ ಬಿಟ್ಟರೆ ಸಮಾಧಾನ ಇಲ್ಲ, ಕೇಳಿ. ಲ್ಯಾಂಡ್ ಆಗ್ತಿರೋ ಪ್ರಯಾಣಿಕ ವಿಮಾನದ ವೇಗ ಗಂಟೆಗೆ ಸುಮಾರು 250 ಕಿ.ಮೀ. ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 70 ಮೀಟರ್. ಶಟರ್ ಸ್ಪೀಡ್ 1/100 ಇದ್ದರೆ, ಶಟರ್ ತೆರೆದು ಮುಚ್ಚೋದ್ರೊಳಗೆ ವಿಮಾನ 70 ಸೆಂಟಿಮೀಟರ್ ಮುಂದೆ ಹೋಗಿರತ್ತೆ. 1/1000 ಇಟ್ಟರೆ ಬರೀ 7 ಸೆಂಟಿಮೀಟರ್. ಹಾಗಾಗಿ ಜೆಟ್‌ಗಳಿಗೆ 1/1000ರಿಂದ 1/2000 ಇಟ್ಟುಕೊಳ್ಳಿ.

ಆದರೆ ಪ್ರೊಪೆಲರ್ ವಿಮಾನ, ಹೆಲಿಕಾಪ್ಟರ್‌ಗೆ ಇದು ಉಲ್ಟಾ. ಸೂರ್ಯಕಿರಣ್ ತಂಡದ ಹಾಕ್ ಜೆಟ್‌ಗಳನ್ನ 1/2000ರಲ್ಲಿ ತೆಗೆದರೆ ಚೆನ್ನಾಗಿ ಬರತ್ತೆ. ಅದೇ ಸೆಟ್ಟಿಂಗಲ್ಲಿ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ತೆಗೆದರೆ ರೆಕ್ಕೆಗಳು ನಿಂತುಬಿಟ್ಟ ಹಾಗೆ ಕಾಣತ್ತೆ, ಜಾತ್ರೆಯಲ್ಲಿ ದಾರಕ್ಕೆ ನೇತುಹಾಕಿದ ಆಟಿಕೆ ಥರ. ಅಲ್ಲಿ 1/250 ಅಥವಾ 1/125ಕ್ಕೆ ಇಳೀಬೇಕು. ರೆಕ್ಕೆ ತಿರುಗ್ತಿರೋದು ಕಾಣಬೇಕು, ಬಾಡಿ ಮಾತ್ರ ಶಾರ್ಪ್ ಇರಬೇಕು. ಅದು ಹೇಗೆ ಅನ್ನೋದಕ್ಕೆ ಈಗ ಬರ್ತೀನಿ.

ಕೈಯಲ್ಲ, ಸೊಂಟ ತಿರುಗಬೇಕು

ಇದಕ್ಕೆ ಪ್ಯಾನಿಂಗ್ ಅಂತಾರೆ. ವಿಮಾನ ಯಾವ ಜಾಗದಲ್ಲಿ ನಿಮಗೆ ತೀರಾ ಹತ್ತಿರ ಬರತ್ತೋ, ಪಾದ ಆ ಕಡೆಗೆ ಮುಖಮಾಡಿ ನಿಲ್ಲಿ. ಮೊಣಕೈ ಎರಡೂ ಪಕ್ಕೆಗೆ ಒತ್ತಿಕೊಳ್ಳಿ. ಈಗ ಸೊಂಟ ಮಾತ್ರ ತಿರುಗಿಸಿ ದೂರದಲ್ಲೇ ವಿಮಾನ ಹಿಡಿದು, ಅದರ ಜೊತೆಗೇ ಬನ್ನಿ. ಬಟನ್ ಒತ್ತಿದ ಮೇಲೂ ನಿಲ್ಲಿಸಬೇಡಿ, ಇನ್ನೊಂದು ಸೆಕೆಂಡ್ ಹಿಂಬಾಲಿಸಿ. ಒತ್ತಿದ ತಕ್ಷಣ ಕೈ ನಿಂತರೆ ಚಿತ್ರ ಎಳೆದ ಹಾಗಾಗತ್ತೆ. ವಿಮಾನದ ವೇಗಕ್ಕೆ ಸರಿಯಾಗಿ ನೀವು ತಿರುಗಿದರೆ, ಕ್ಯಾಮೆರಾ ಪಾಲಿಗೆ ಅದು ನಿಂತಿದ್ದ ಹಾಗೆಯೇ. ಹತ್ತು ಫ್ರೇಮಿನ ಬರ್ಸ್ಟ್ ತೆಗೀರಿ, ಒಂಬತ್ತು ಡಿಲೀಟ್ ಆದರೂ ಪರವಾಗಿಲ್ಲ.

ಫೋನಲ್ಲಿ ತೆಗೆಯೋರಿಗೆ

ಬಿಸಿಲಲ್ಲಿ ಫೋನ್ ತಾನೇ ವೇಗದ ಶಟರ್ ಆರಿಸಿಕೊಳ್ಳತ್ತೆ. ಆಗ ಅಲ್ಲಿ ದೊಡ್ಡ ಶತ್ರು ಡಿಜಿಟಲ್ ಝೂಮ್. ಫೋನಲ್ಲಿ 3ಎಕ್ಸ್ ಅಥವಾ 5ಎಕ್ಸ್ ಟೆಲಿ ಲೆನ್ಸ್ ಇದ್ದರೆ ಅಲ್ಲಿಗೇ ನಿಲ್ಲಿಸಿ. ಅದಕ್ಕಿಂತ ಮುಂದೆ ಎಳೆದರೆ ಫೋನ್ ಇದ್ದ ಚಿತ್ರವನ್ನೇ ಹಿಗ್ಗಿಸಿ ಕೊಡತ್ತೆ. ಆಮೇಲೆ ಕ್ರಾಪ್ ಮಾಡಿಕೊಳ್ಳಿ.

ಎರಡನೇದು ಫೋಕಸ್. ಖಾಲಿ ಆಕಾಶದಲ್ಲಿ ಫೋನಿಗೆ ಹಿಡಿದುಕೊಳ್ಳೋಕೆ ಏನೂ ಸಿಗಲ್ಲ, ತಡಕಾಡತ್ತೆ. ವಿಮಾನ ಬರೋ ಮೊದಲೇ ದೂರದ ಮರ ಅಥವಾ ಕಟ್ಟಡದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಬೆಳ್ಳಗಿನ ಆಕಾಶದ ಎದುರು ವಿಮಾನ ಕಪ್ಪಾಗಿ ಬಂದರೆ ಬ್ರೈಟ್‌ನೆಸ್ ಸ್ವಲ್ಪ ಮೇಲಕ್ಕೆ ಎಳೀರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಶರ್ +0.7ರಿಂದ +1.

ಒಂದು ಮಿತಿ ಹೇಳಿಬಿಡ್ತೀನಿ. ಬಹುತೇಕ ಫೋನ್‌ಗಳ ಅಪರ್ಚರ್ ಬದಲಾಗಲ್ಲ. ಮಧ್ಯಾಹ್ನ ಪ್ರೊ ಮೋಡ್‌ನಲ್ಲಿ 1/250 ಇಟ್ಟರೆ ಫೋಟೋ ಬಿಳಿಚಿಕೊಳ್ಳತ್ತೆ. ಹೆಲಿಕಾಪ್ಟರ್ ರೆಕ್ಕೆ ತಿರುಗ್ತಿರೋ ಫೋಟೋ ಬೇಕಂದ್ರೆ ಸಂಜೆ ಬೆಳಕಿಗೆ ಕಾಯಿರಿ. ಐಫೋನ್‌ನ ಸ್ವಂತ ಕ್ಯಾಮೆರಾ ಆ್ಯಪ್‌ನಲ್ಲಂತೂ ಶಟರ್ ಸ್ಪೀಡ್ ನಾವೇ ಇಡೋಕಾಗಲ್ಲ, ಬೇರೆ ಆ್ಯಪ್ ಬೇಕು.

ಗಾಳಿ ಮತ್ತು ಬೆಳಕು

ಬೇಸಿಗೆಯಲ್ಲಿ ಟಾರ್ ರಸ್ತೆ ಮೇಲೆ ನೀರು ಅಲುಗಾಡಿದ ಹಾಗೆ ಕಾಣತ್ತಲ್ಲ? ಕಾದ ರನ್‌ವೇ ಮೇಲೂ ಅದೇ ಆಗತ್ತೆ. ವಿಮಾನದ ಮೇಲಿನ ಅಕ್ಷರ ನೀರಲ್ಲಿ ಕಲಸಿದ ಹಾಗೆ ಬಂದರೆ ಕಾರಣ ಈ ಬಿಸಿ ಗಾಳಿ. ಎಷ್ಟು ದೊಡ್ಡ ಲೆನ್ಸ್ ತಂದು ದೂರದಿಂದ ಎಳೆದರೂ ಇದು ಹೋಗಲ್ಲ. ಎಡಿಟಿಂಗ್‌ನಲ್ಲೂ ಸರಿ ಆಗಲ್ಲ. ಮದ್ದು ಎರಡೇ: ಬೆಳಗ್ಗೆ ಬೇಗ ಹೋಗಿ, ವಿಮಾನ ಹತ್ತಿರ ಬರೋವರೆಗೂ ತಡೀರಿ.

ನಿಲ್ಲೋ ಜಾಗವೂ ಮುಖ್ಯ. ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇ ಪೂರ್ವ-ಪಶ್ಚಿಮವಾಗಿವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಹಾಗಾಗಿ ವಿಮಾನದ ದಾರಿಯ ದಕ್ಷಿಣಕ್ಕಿರೋ ಸಾರ್ವಜನಿಕ ಜಾಗದಲ್ಲಿ ನಿಂತರೆ ಬೆಳಕು ನಿಮ್ಮ ಬೆನ್ನ ಹಿಂದೆ. ಉತ್ತರಕ್ಕೆ ನಿಂತರೆ ಸಿಗೋದು ವಿಮಾನದ ನೆರಳು ಬಿದ್ದ ಬದಿ. ಆಮೇಲೆ ಅದನ್ನ ಎಡಿಟ್‌ನಲ್ಲಿ ಬೆಳಗಿಸಿದರೆ ಕಾಳು ಕಾಳು ನಾಯ್ಸ್ ಬರತ್ತೆ.

ಇನ್ನೊಂದು ಮಾತು. ಯಲಹಂಕ ವಾಯುಪಡೆಯ ನೆಲೆ. ಶೋ ಇಲ್ಲದ ದಿನ ಕಾಂಪೌಂಡ್ ಪಕ್ಕ ನಿಂತು ಕ್ಯಾಮೆರಾ ಎತ್ತಬೇಡಿ. 'ಛಾಯಾಗ್ರಹಣ ನಿಷೇಧ' ಅನ್ನೋ ಬೋರ್ಡ್ ಕಂಡಲ್ಲಿ ವಾದ ಬೇಡ. ಡ್ರೋನ್ ಅಂತೂ ಬೇಡವೇ ಬೇಡ. ಲೈಕ್ ಆಸೆಗೆ ಪೊಲೀಸ್ ಕೇಸ್ ಯಾಕೆ?

ಈಗ ಇಎಂಐ ಪ್ರಶ್ನೆ

ನಿಮ್ಮ ಇನ್ನೂರು ಫೋಟೋ ಮತ್ತೆ ತೆಗೆದು ನೋಡಿ. ವಿಮಾನ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಶಟರ್ ಅಥವಾ ಪ್ಯಾನಿಂಗ್ ಸಮಸ್ಯೆ. ಅಂಚು ಅಲೆಅಲೆಯಾಗಿದ್ದರೆ ಬಿಸಿ ಗಾಳಿ. ಎಲ್ಲ ಕಡೆ ಸಮನಾಗಿ ಮೆತ್ತಗಿದ್ದರೆ ಫೋಕಸ್ ತಪ್ಪಿದೆ, ಇಲ್ಲ ಲೆನ್ಸ್ ಮೇಲೆ ಬೆರಳಿನ ಎಣ್ಣೆ ಕೂತಿದೆ. ಇದಕ್ಕೆಲ್ಲ ಖರ್ಚು ಸೊನ್ನೆ. ಫೋಟೋ ಶಾರ್ಪ್ ಇದ್ದೂ ವಿಮಾನ ಮಾತ್ರ ಚುಕ್ಕಿಯಷ್ಟಿದ್ದರೆ, ಆಗ ಲೆನ್ಸ್ ಬೇಕು ಅಂತ ಅರ್ಥ. ಆಗಲೂ ಮೊದಲು ಒಂದು ದಿನದ ಬಾಡಿಗೆಗೆ ತಂದು ನೋಡಿ.

ಅಲ್ಲಿವರೆಗೆ ಹೋಮ್‌ವರ್ಕ್: ಮನೆ ಟೆರೇಸ್ ಮೇಲೆ ಸುತ್ತೋ ಹದ್ದುಗಳನ್ನ ಒಂದು ವಾರ ಹಿಂಬಾಲಿಸಿ ತೆಗೀರಿ. ಅದು ಹೇಳದೆ ತಿರುಗತ್ತೆ, ವಿಮಾನ ಅಷ್ಟು ಸತಾಯಿಸಲ್ಲ. ನನಗೆ ಕಳಿಸೋದಾದರೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಮಾನ್ಯವಾಗಿ ಕಳಿಸಿದರೆ ಅದು ಫೋಟೋನ ಕುಗ್ಗಿಸಿಬಿಡತ್ತೆ, ಆಮೇಲೆ ಮಸುಕು ಯಾರದ್ದು ಅಂತ ಇಬ್ಬರಿಗೂ ಗೊತ್ತಾಗಲ್ಲ. ಮುಂದಿನ ವಾರ ಸಿಗೋಣ.